ಲಾರ್‌ವುಡ್ ಮುಚ್ಚಳಿಕೆ ಬರೆದುಕೊಡಲಿಲ್ಲ

ನಮ್ಮ ಪತ್ರಿಕೆಗಳಲ್ಲಿ ಆಟದ ಪುಟ ಬರೆಯುವವರಿಗೆ ಒಂದು ಚಾಳಿ ಇದೆ. ಕ್ರಿಕೆಟ್ ಮೈದಾನದಲ್ಲಿ ಒಬ್ಬ ಇನ್ನೊಬ್ಬನನ್ನು ಬೈದರೆ ಸಾಕು, ‘ಸಭ್ಯರ ಆಟಕ್ಕೆ ಕಳಂಕ’ ಅಂತ ತಲೆಬರಹ ಕೊಟ್ಟು ಕಣ್ಣೀರು ಹಾಕುತ್ತಾರೆ. ಯಾರು ಸ್ವಾಮಿ ಈ ಸಭ್ಯರು? ಸಭೆಯಲ್ಲಿ ಕೂರಲು ಯೋಗ್ಯನಾದವನು ಸಭ್ಯ ಅಂತ ನಿಘಂಟು ಹೇಳುತ್ತದೆ. ಸಭೆಯಲ್ಲಿ ಯಾರನ್ನು ಕೂರಿಸಿದರು, ಯಾರನ್ನು ಜಗಲಿಯ ಕೆಳಗೆ ನಿಲ್ಲಿಸಿದರು ಅನ್ನೋದನ್ನ ನಿಘಂಟು ಹೇಳೋದಿಲ್ಲ. ಅದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಯೂ ಇಲ್ಲ.

ಇಂಗ್ಲೆಂಡಿನಲ್ಲಿ ಜಂಟಲ್‌ಮನ್ ಅನ್ನುವ ಮಾತಿಗೂ ನಡತೆಗೂ ಸಂಬಂಧವಿರಲಿಲ್ಲ. ಅದು ಹುಟ್ಟಿಗೆ, ಆಸ್ತಿಗೆ, ಓದಿದ ಶಾಲೆಗೆ ಅಂಟಿಕೊಂಡ ಮಾತು. ಆಡಿ ಕೂಲಿ ತೆಗೆದುಕೊಳ್ಳದವನು ಜಂಟಲ್‌ಮನ್, ಅಂದರೆ ಅಮೆಚೂರ್. ಆಡಿ ಕೂಲಿ ತೆಗೆದುಕೊಂಡವನು ಪ್ಲೇಯರ್, ಅಂದರೆ ಪ್ರೊಫೆಷನಲ್. ಈ ಎರಡು ಕುಲಗಳನ್ನು ಎದುರುಬದುರು ನಿಲ್ಲಿಸಿ 1806ರಿಂದ 1962ರವರೆಗೆ ಪಂದ್ಯ ಆಡಿಸಿದರು. ಇನ್ನು ಒಂದೇ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಅಂತ ಇಟ್ಟುಕೊಳ್ಳಿ) ಒಂದೇ ತಂಡದ ಹನ್ನೊಂದು ಜನರಿಗೆ ಬಟ್ಟೆ ಬದಲಿಸಲು ಎರಡು ಕೋಣೆ, ಮೈದಾನಕ್ಕಿಳಿಯಲು ಎರಡು ಗೇಟು. ಅಮೆಚೂರ್‌ಗೆ ಸ್ಕೋರ್ ಕಾರ್ಡಿನಲ್ಲಿ ಹೆಸರಿನ ಮುಂದೆ ಮಿಸ್ಟರ್, ಅಪ್ಪ ಅಮ್ಮ ಇಟ್ಟ ಅಕ್ಷರಗಳೆಲ್ಲ. ಪ್ರೊಫೆಷನಲ್‌ಗೆ ಬರೀ ಮನೆತನದ ಹೆಸರು. ನಮ್ಮಲ್ಲಿ ಧಣಿಗೆ ‘ಅಯ್ಯನೋರು’, ಆಳಿಗೆ ‘ಲೇ ಮಾರ’ ಇದೆಯಲ್ಲ, ಹಾಗೆ. ನಾಯಕ ಮಾತ್ರ ಯಾವತ್ತೂ ಮಿಸ್ಟರೇ ಆಗಬೇಕು. ತಂಡದಲ್ಲಿ ಕೂಲಿಗೆ ಆಡುವ ಎಂಟು ಹತ್ತು ಜನ ಅವನಿಗಿಂತ ಚೆನ್ನಾಗಿ ಆಡಲಿ, ಆಟ ತಿಳಿದಿರಲಿ, ಆಜ್ಞೆ ಅವನದೇ.

ಎರಡು ಮಹಾಯುದ್ಧಗಳ ನಡುವಿನ ಆ ಇಪ್ಪತ್ತು ವರ್ಷಗಳಲ್ಲಿ ಇಂಥ ಒಂದು ಕೌಂಟಿಗೆ ಕೂಲಿಗಾಗಿ ಬೌಲ್ ಮಾಡಿದ ಒಬ್ಬ ಗಣಿ ಕಾರ್ಮಿಕನ ಕತೆಯನ್ನು ಈ ಸಭ್ಯತೆಯ ವಾರಸುದಾರರ ಮುಂದೆ ಇಡಬೇಕಾಗಿದೆ.

ಹೆರಾಲ್ಡ್ ಲಾರ್‌ವುಡ್ ಹುಟ್ಟಿದ್ದು 1904ರ ನವೆಂಬರಿನಲ್ಲಿ, ನಾಟಿಂಗ್‌ಹ್ಯಾಮ್‌ಷೈರಿನ ನನ್‌ಕಾರ್‌ಗೇಟ್ ಎಂಬ ಗಣಿಹಳ್ಳಿಯಲ್ಲಿ. ಅಪ್ಪ ಕಲ್ಲಿದ್ದಲು ಗಣಿಯಲ್ಲಿ ದುಡಿಯುವವನು. ಮಗನೂ ಮೀಸೆ ಚಿಗುರುವ ಮುಂಚೆ ಶಾಲೆ ಬಿಟ್ಟು ಆನ್ಸ್‌ಲಿ ಗಣಿಗೆ ಇಳಿದ. ನೆಲದಡಿಯ ಕತ್ತಲಲ್ಲಿ ಕಲ್ಲಿದ್ದಲ ಗಾಡಿ ಎಳೆಯುವ ತಟ್ಟು ಕುದುರೆಗಳನ್ನು ನಡೆಸುವುದು ಅವನ ಕೆಲಸ. ಆಳು ಎತ್ತರದವನಲ್ಲ. ಆದರೆ ಆ ಬೆನ್ನು, ಆ ತೋಳು ಗಣಿಯಲ್ಲಿ ಕಡೆದು ಬಂದದ್ದು. 1923ರಲ್ಲಿ ಟ್ರೆಂಟ್ ಬ್ರಿಜ್ ಮೈದಾನದಲ್ಲಿ ಪರೀಕ್ಷೆ ನೋಡಿ ಕೌಂಟಿಯವರು ಅವನನ್ನು ಸೇರಿಸಿಕೊಂಡರು. ನಾಟಿಂಗ್‌ಹ್ಯಾಮ್‌ಷೈರಿಗೆ ವೇಗದ ಬೌಲರ್ ಬೇಕೆಂದರೆ ಗಣಿಯ ಬಾಯಲ್ಲಿ ನಿಂತು ಶಿಳ್ಳೆ ಹೊಡೆದರೆ ಸಾಕು ಅಂತ ಆ ದೇಶದಲ್ಲಿ ಒಂದು ಮಾತಿದೆ. ಮೆಚ್ಚಿಗೆಯ ಮಾತು ಅಂತಲೇ ಅದನ್ನು ಬರೆಯುತ್ತಾರೆ. ಶಿಳ್ಳೆ ಹೊಡೆದು ಕರೆಯೋದು ಯಾರನ್ನ? ಮನೆ ನಾಯಿಯನ್ನ.

1926ರ ಜೂನಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಸ್ಟ್ರೇಲಿಯದ ವಿರುದ್ಧ ಅವನ ಮೊದಲ ಟೆಸ್ಟ್. ಆ ವರ್ಷ ನೆನಪಿಡಿ. ಕೂಲಿ ಇಳಿಸುತ್ತೇವೆ, ದುಡಿಮೆಯ ಹೊತ್ತು ಹೆಚ್ಚಿಸುತ್ತೇವೆ ಅಂದ ಗಣಿ ಮಾಲೀಕರು ಮೇ ತಿಂಗಳ ಮೊದಲಲ್ಲೇ ಕಾರ್ಮಿಕರನ್ನು ಹೊರಗೆ ಹಾಕಿ ಬಾಗಿಲು ಜಡಿದಿದ್ದರು. ಅವರ ಬೆನ್ನಿಗೆ ನಿಂತ ದೇಶವ್ಯಾಪಿ ಮುಷ್ಕರವನ್ನು ಕಾರ್ಮಿಕ ನಾಯಕರು ಒಂಬತ್ತೇ ದಿನಕ್ಕೆ ಹಿಂತೆಗೆದುಕೊಂಡರು. ಗಣಿಯವರು ಮಾತ್ರ ನವೆಂಬರಿನವರೆಗೆ ಹೊಟ್ಟೆಗೆ ತಣ್ಣೀರುಬಟ್ಟೆ ಕಟ್ಟಿಕೊಂಡು ನಿಂತರು. ಆ ಜುಲೈಯಲ್ಲಿ ಪಾರ್ಲಿಮೆಂಟು ಗಣಿಯ ಏಳು ಗಂಟೆಯ ದುಡಿಮೆಯನ್ನು ಎಂಟು ಗಂಟೆಗೆ ಏರಿಸುವ ಕಾನೂನು ಮಾಡಿತು. ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯವನ್ನು ಸೋಲಿಸಿ ಆಷಸ್ ಗೆದ್ದುಕೊಂಡಿತು. ಗಣಿಯಿಂದ ಬಂದ ಲಾರ್‌ವುಡ್‌ಗೆ ಆ ಪಂದ್ಯದಲ್ಲಿ ಆರು ವಿಕೆಟ್. ದೇಶವೆಲ್ಲ ಹಬ್ಬ. ಅದೇ ಗಣಿಯವರ ಮಕ್ಕಳು ಧರ್ಮದ ಗಂಜಿಗೆ ಸಾಲು ನಿಂತಿದ್ದ ಹೊತ್ತು ಅದು. ಒಂದು ಕೈಗೆ ಚಪ್ಪಾಳೆ, ಇನ್ನೊಂದು ಕೈಗೆ ಬರೆ. ಎರಡೂ ಒಂದೇ ಮೈಯ ಕೈಗಳು.

ಪ್ರೊಫೆಷನಲ್‌ನ ಬದುಕು ಹೇಗಿತ್ತು ಅಂದರೆ, ಬೇಸಿಗೆಯಲ್ಲಿ ಆಟ, ಚಳಿಗಾಲದಲ್ಲಿ ಬೇರೆ ಕೆಲಸ ಹುಡುಕು. ಮೈ ಗಟ್ಟಿಯಿರುವವರೆಗೆ ಕೂಲಿ. ಹತ್ತಾರು ವರ್ಷ ದುಡಿದ ಮೇಲೆ ಕಮಿಟಿಯವರ ಮನಸ್ಸು ಬಂದರೆ ‘ಬೆನಿಫಿಟ್’, ಅಂದರೆ ಒಂದು ಪಂದ್ಯದ ಹಣವನ್ನು ಅವನಿಗೆ ಬಿಡುವುದು. ಮಳೆ ಬಂದರೆ ಅದೂ ಇಲ್ಲ. ಕೆಂಟ್ ಕೌಂಟಿಯ ಜೇಮ್ಸ್ ಸೀಮರ್‌ಗೆ 1920ರಲ್ಲಿ ಹೀಗೆ 939 ಪೌಂಡ್ 16 ಶಿಲಿಂಗ್ ಬಂತು. ದುಡ್ಡು ಅವನ ಕೈಗೆ ಬರಲಿಲ್ಲ. ಕ್ಲಬ್ಬಿನವರು ಅದನ್ನು ತಮ್ಮ ಹತೋಟಿಯಲ್ಲೇ ಹೂಡಿಟ್ಟು, ಅವನು ಜಮೀನು ಕೊಳ್ಳುವಾಗ ಬಿಡಿಸಿಕೊಟ್ಟರು. ಬೆಳೆದ ಗಂಡಸು ಬೆವರು ಸುರಿಸಿ ಗಳಿಸಿದ ದುಡ್ಡನ್ನು ಅವನು ಕುಡಿದು ಹಾಳುಮಾಡಬಹುದು ಅಂತ ಧಣಿಗಳೇ ಗಂಟು ಕಟ್ಟಿ ಇಟ್ಟುಕೊಳ್ಳೋದು! ಈ ಹಣಕ್ಕೆ ತೆರಿಗೆ ಉಂಟೇ ಅನ್ನುವ ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1927ರಲ್ಲಿ ತೀರ್ಪು ಬಂತು: ಇದು ಸಂಬಳವಲ್ಲ, ವ್ಯಕ್ತಿಗೆ ಕೊಟ್ಟ ಉಡುಗೊರೆ, ತೆರಿಗೆ ಇಲ್ಲ. ಸೀಮರ್ ಗೆದ್ದ, ಒಳ್ಳೆಯದೇ ಆಯಿತು. ಆದರೆ ಯಾವ ಮಾತಿನ ಮೇಲೆ ಗೆದ್ದ ನೋಡಿ. ಅವನ ಜೀವಮಾನದ ದುಡಿಮೆಯ ಫಲವನ್ನು ಆ ದೇಶದ ಅತಿ ದೊಡ್ಡ ನ್ಯಾಯಪೀಠ ದಾನ ಅಂತ ಬರೆದಿಟ್ಟಿತು. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಮೊರ ಒಡ್ಡಿದವರಿಗೆ ಈ ದಾನದ ರುಚಿ ಗೊತ್ತು.

ಬಾಯಿ ಬಿಟ್ಟರೆ ಏನಾಗುತ್ತಿತ್ತು ಅನ್ನುವುದಕ್ಕೂ ಸಾಕ್ಷಿ ಇದೆ. ಲ್ಯಾಂಕಷೈರಿನ ಬೌಲರ್ ಸೆಸಿಲ್ ಪಾರ್ಕಿನ್ 1924ರಲ್ಲಿ ಪತ್ರಿಕೆಯ ಅಂಕಣದಲ್ಲಿ ತನ್ನ ಅಮೆಚೂರ್ ನಾಯಕನನ್ನು ಟೀಕಿಸಿದ. ಮತ್ತೆಂದೂ ಇಂಗ್ಲೆಂಡ್ ಪರ ಆಡಲಿಲ್ಲ. ಅದೇ ಬಿಸಿಯಲ್ಲಿ ಯಾರ್ಕ್‌ಷೈರಿನ ಲಾರ್ಡ್ ಹಾಕ್ 1925ರಲ್ಲಿ ತನ್ನ ಕ್ಲಬ್ಬಿನ ಸಭೆಯಲ್ಲಿ, ಕೂಲಿಗೆ ಆಡುವವನೊಬ್ಬ ಇಂಗ್ಲೆಂಡಿನ ನಾಯಕನಾಗುವ ದಿನ ಬಾರದಿರಲಿ ಅಂತ ದೇವರಲ್ಲೇ ಮೊರೆಯಿಟ್ಟ. ದೇವರು 1952ರವರೆಗೆ ಆ ಮೊರೆ ನಡೆಸಿಕೊಟ್ಟ. ಆ ವರ್ಷ ಲೆನ್ ಹಟನ್ ನಾಯಕನಾದ. ಮಧ್ಯೆ 1926ರಲ್ಲಿ ನಾಯಕ ಕಾರ್ ಕಾಯಿಲೆ ಬಿದ್ದಾಗ ಜಾಕ್ ಹಾಬ್ಸ್ ಮ್ಯಾಂಚೆಸ್ಟರಿನ ಆ ಒಂದು ಟೆಸ್ಟಿನಲ್ಲಿ ತಂಡ ನಡೆಸಿದ್ದುಂಟು. ಮುಂದಿನ ಟೆಸ್ಟಿಗೆ ಇನ್ನೊಬ್ಬ ಅಮೆಚೂರ್‌ನನ್ನು ತಂದು ಕೂರಿಸಿದರು. ಇನ್ನು ವಾಲಿ ಹ್ಯಾಮಂಡ್‌ನ ಕತೆಯಂತೂ ಹರಿಕತೆಗೆ ಲಾಯಕ್ಕು. 1937ರವರೆಗೆ ಕೂಲಿಯವನು. ಆಮೇಲೆ ಒಂದು ಟೈರ್ ಕಂಪನಿಯಲ್ಲಿ ಡೈರೆಕ್ಟರ್ ಕೆಲಸ ಸಿಕ್ಕಿತು, ಆಟದ ಕೂಲಿ ಬೇಡ ಅಂದ, ಅಮೆಚೂರ್ ಆದ. 1938ರಲ್ಲಿ ಇಂಗ್ಲೆಂಡಿನ ನಾಯಕ. ಅದೇ ಕೈ, ಅದೇ ಬ್ಯಾಟು, ಅದೇ ಮೆದುಳು. ಬದಲಾದದ್ದು ಗೇಟು ಒಂದೇ.

ಇಲ್ಲಿ ನಮ್ಮವರಿಗೇ ಒಂದು ಎಚ್ಚರಿಕೆ. ಇದನ್ನೆಲ್ಲ ಓದಿ ‘ಅಲ್ಲೂ ಜಾತಿ ಇತ್ತು, ಎಲ್ಲಾ ಕಡೆ ಇದ್ದದ್ದೇ’ ಅಂತ ತೇಲಿಸಿಬಿಡುವ ಪ್ರಗತಿಪರರು ನಮ್ಮ ನಡುವೆ ಬಹಳ ಇದ್ದಾರೆ. ಹ್ಯಾಮಂಡ್‌ಗೆ ಒಂದು ಟೈರ್ ಕಂಪನಿ ಸಾಕಾಯಿತು. ಪಾಲ್ವಣಕರ್ ಬಾಲೂ ಅವರಿಗೆ ಯಾವ ಕಂಪನಿ ಸಾಕಾಗುತ್ತಿತ್ತು? ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರರ ಮನೆಯಲ್ಲಿ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಪಿಚ್ ನೋಡಿಕೊಳ್ಳುವ ಕೆಲಸಕ್ಕಿದ್ದು, ಆ ಸಾಹೇಬರಿಗೆ ದಿನವಿಡೀ ಬೌಲ್ ಮಾಡಿ ಮಾಡಿ ಆ ಕಾಲದ ದೊಡ್ಡ ಎಡಗೈ ಬೌಲರ್ ಆದರು. ಬಿಳಿಯರನ್ನು ಸೋಲಿಸಬೇಕಾದಾಗ ಹಿಂದೂಗಳಿಗೆ ಅವರು ಬೇಕಾದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಟೀ ಹೊತ್ತಿಗೆ ಮಾತ್ರ ಅವರಿಗೆ ಹೊರಗಡೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್‌ನ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ಬಾಲೂ ಪಡೆದದ್ದು 114 ವಿಕೆಟ್. ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ್‌ಗೆ ಸಿಕ್ಕಿತು, ಅದೂ ಜಗಳವಾಡಿದ ಮೇಲೆ. ಇದೇ ಬಾಲೂ ಅವರನ್ನು 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಬಾಬಾಸಾಹೇಬರ ಎದುರಿಗೇ ನಿಲ್ಲಿಸಿತು, ಸೋತರು. ಅದೊಂದು ಬೇರೆಯೇ ನೋವಿನ ಕತೆ. ನಾನು ಹೇಳುತ್ತಿರುವುದು ಇಷ್ಟೆ. ಲಾರ್‌ವುಡ್‌ಗೆ ಗೇಟು ಬೇರೆಯಿತ್ತು, ಲೋಟ ಬೇರೆಯಿರಲಿಲ್ಲ. ಈ ವ್ಯತ್ಯಾಸ ಮರೆತು ಮಾತಾಡಬಾರದು.

ಈಗ 1932ಕ್ಕೆ ಬರೋಣ. ಆ ಬೇಸಿಗೆಯಲ್ಲಿ ಲಾರ್‌ವುಡ್ 162 ವಿಕೆಟ್ ಕಿತ್ತು ಇಡೀ ಇಂಗ್ಲೆಂಡಿನ ಬೌಲರುಗಳಲ್ಲಿ ಮೊದಲಿಗನಾಗಿದ್ದ. ಆಸ್ಟ್ರೇಲಿಯದಲ್ಲಿ ಬ್ರಾಡ್ಮನ್ ಎಂಬ ಗಂಡು ಹುಟ್ಟಿಕೊಂಡು 1930ರ ಸರಣಿಯಲ್ಲಿ 974 ರನ್ ಬಾರಿಸಿಬಿಟ್ಟಿದ್ದ. ಅವನನ್ನು ಕಟ್ಟಿಹಾಕಬೇಕು. ನಾಯಕ ಡಗ್ಲಸ್ ಜಾರ್ಡಿನ್, ಹುಟ್ಟಿದ್ದು ಮುಂಬಯಿಯಲ್ಲಿ, ಬ್ರಿಟಿಷ್ ಸರ್ಕಾರದ ದೊಡ್ಡ ವಕೀಲನ ಮಗ. ಓದಿದ್ದು ವಿಂಚೆಸ್ಟರ್, ಆಕ್ಸ್‌ಫರ್ಡ್. ಅವನು ಹೂಡಿದ ತಂತ್ರವೇ ಬಾಡಿಲೈನ್. ಬ್ಯಾಟ್ಸ್‌ಮನ್ನನ ಮೈಗೇ ಗುರಿಯಿಟ್ಟು ಎಸೆಯುವುದು, ಕಾಲ ಕಡೆ ಹತ್ತಿರದಲ್ಲೇ ಫೀಲ್ಡರುಗಳ ಬೇಲಿ ಕಟ್ಟುವುದು. ಮೈ ಉಳಿಸಿಕೊಳ್ಳಲು ಬ್ಯಾಟು ಎತ್ತಿದರೆ ಕ್ಯಾಚು, ಎತ್ತದಿದ್ದರೆ ಪಕ್ಕೆಲುಬು. ಯೋಚನೆ ವಿಂಚೆಸ್ಟರಿನದು, ತೋಳು ಗಣಿಯದು. ಜೊತೆಗೆ ಇನ್ನೊಬ್ಬ ನಾಟಿಂಗ್‌ಹ್ಯಾಮ್‌ಷೈರ್ ಗಣಿಯವನು, ಬಿಲ್ ವೋಸ್.

ತಂಡದಲ್ಲಿ ಮೂರನೆಯ ವೇಗದ ಬೌಲರ್ ಇದ್ದ, ಗಬ್ಬಿ ಆಲನ್. ಈಟನ್, ಕೇಂಬ್ರಿಜ್ ಓದಿದ ಅಮೆಚೂರ್. ಅವನು ‘ನಾನು ಹಾಗೆ ಬೌಲ್ ಮಾಡೋದಿಲ್ಲ’ ಅಂದ. ಅಂದು ಐದೂ ಟೆಸ್ಟ್ ಆಡಿದ. ಪಟೌಡಿಯ ನವಾಬ ಕಾಲ ಕಡೆಯ ಬೇಲಿಯಲ್ಲಿ ನಿಲ್ಲೋದಿಲ್ಲ ಅಂದ. ಮೊದಲ ಟೆಸ್ಟಿನಲ್ಲಿ ಶತಕ ಹೊಡೆದಿದ್ದರೂ ಎರಡನೆಯದರ ನಂತರ ಅವನನ್ನು ಕೂರಿಸಿದರು. ಕೂರಿಸಿದರೆ ನವಾಬನ ಒಲೆಯೇನೂ ಆರುವುದಿಲ್ಲ. ಲಾರ್‌ವುಡ್ ಆ ಮಾತು ಹೇಳಿದ್ದರೆ? ಮತ್ತೆ ತಟ್ಟು ಕುದುರೆಗಳ ಹಿಂದೆ ನಡೆಯಬೇಕಾಗಿತ್ತು. ಆತ್ಮಸಾಕ್ಷಿ ಎಲ್ಲರಿಗೂ ಇರುತ್ತೆ ಕಣ್ರೀ. ಅದನ್ನು ಸಾಕುವ ಖರ್ಚು ಎಲ್ಲರ ಕೈಲೂ ಇರೋದಿಲ್ಲ.

1933ರ ಜನವರಿ, ಅಡಿಲೇಡ್. ಲಾರ್‌ವುಡ್‌ನ ಒಂದು ಚೆಂಡು ಆಸ್ಟ್ರೇಲಿಯದ ನಾಯಕ ವುಡ್‌ಫುಲ್‌ನ ಎದೆಗೆ ಬಡಿಯಿತು. ಇನ್ನೊಂದಕ್ಕೆ ಓಲ್ಡ್‌ಫೀಲ್ಡ್‌ನ ತಲೆಬುರುಡೆ ಬಿರುಕುಬಿಟ್ಟಿತು. ಆ ಎರಡು ಚೆಂಡು ಬಿದ್ದಾಗ ಬಾಡಿಲೈನ್ ಬೇಲಿ ಇರಲಿಲ್ಲ, ತಪ್ಪು ನನ್ನದೇ ಅಂತ ಓಲ್ಡ್‌ಫೀಲ್ಡನೇ ಹೇಳಿದ. ಆದರೆ ವುಡ್‌ಫುಲ್ ಸುಧಾರಿಸಿಕೊಂಡು ನಿಂತ ಕೂಡಲೇ ಜಾರ್ಡಿನ್ ಆ ಬೇಲಿಯನ್ನು ಕಟ್ಟಿದ. ಜನ ರೊಚ್ಚಿಗೆದ್ದರು. ಇದು ಕ್ರೀಡಾಮನೋಭಾವವಲ್ಲ ಅಂತ ಆಸ್ಟ್ರೇಲಿಯದ ಕ್ರಿಕೆಟ್ ಮಂಡಳಿ ಲಂಡನ್ನಿನ ಎಂ.ಸಿ.ಸಿ.ಗೆ ತಂತಿ ಕಳಿಸಿತು. ಎಂ.ಸಿ.ಸಿ. ಮೀಸೆ ತಿರುವಿತು, ಬೇಕಾದರೆ ಪ್ರವಾಸ ರದ್ದುಮಾಡಿ ಅಂದಿತು. ಲಂಡನ್ನಿನ ಸಾಲಗಾರರ ಕೈಯಲ್ಲಿ ಸಿಕ್ಕಿಕೊಂಡಿದ್ದ ದೇಶ ಅದು. ಆ ಸಾಲದ ಬಡ್ಡಿ ಕಟ್ಟೋದಿಲ್ಲ ಅಂತ ಹಟ ಹಿಡಿದಿದ್ದ ನ್ಯೂ ಸೌತ್ ವೇಲ್ಸಿನ ಪ್ರೀಮಿಯರ್ ಜಾಕ್ ಲ್ಯಾಂಗ್‌ನನ್ನು ಹಿಂದಿನ ವರ್ಷವಷ್ಟೇ ಗವರ್ನರ್ ಕಿತ್ತುಹಾಕಿದ್ದ. ಮಂಡಳಿ ಮಾತು ವಾಪಸ್ ತೆಗೆದುಕೊಂಡಿತು.

ಸಿಡ್ನಿಯ ಕೊನೆಯ ಟೆಸ್ಟಿನಲ್ಲಿ ಲಾರ್‌ವುಡ್ ಬ್ಯಾಟು ಹಿಡಿದು 98 ಹೊಡೆದ. ಅವನನ್ನು ಸರಣಿಯುದ್ದಕ್ಕೂ ಬೈದಿದ್ದ ಜನವೇ ಎದ್ದು ನಿಂತು ಚಪ್ಪಾಳೆ ಹೊಡೆದರು. ಬೌಲ್ ಮಾಡುವಾಗ ಅವನ ಎಡಗಾಲ ಮೂಳೆ ಮುರಿಯಿತು. ಹೊರಗೆ ಹೋಗುತ್ತೇನೆ ಅಂದ. ಬ್ರಾಡ್ಮನ್ ಔಟಾಗುವವರೆಗೆ ನೀನು ಮೈದಾನದಲ್ಲೇ ನಿಂತಿರಬೇಕು, ನೀನಿಲ್ಲ ಅನ್ನೋದು ಅವನಿಗೆ ಗೊತ್ತಾಗಬಾರದು ಅಂದ ಜಾರ್ಡಿನ್. ನಿಂತ. ಬ್ರಾಡ್ಮನ್ ಔಟಾದ. ಇಬ್ಬರೂ ಒಟ್ಟಿಗೆ, ಒಂದು ಮಾತೂ ಆಡದೆ, ಪೆವಿಲಿಯನ್ ಕಡೆ ನಡೆದರು. ಸರಣಿಯಲ್ಲಿ 33 ವಿಕೆಟ್. ಇಂಗ್ಲೆಂಡಿಗೆ 4–1ರ ಗೆಲುವು. ಅವನಿಗೆ 28 ವರ್ಷ, ಅದೇ ಅವನ ಕೊನೆಯ ಟೆಸ್ಟ್.

ಯಾಕೆ? 1934ಕ್ಕೆ ಆಸ್ಟ್ರೇಲಿಯದವರು ಇಂಗ್ಲೆಂಡಿಗೆ ಬರಬೇಕಿತ್ತು. ಬಾರದಿದ್ದರೆ ಗೇಟಿನ ದುಡ್ಡಿಲ್ಲ, ಸಾಮ್ರಾಜ್ಯದ ಬಾಂಧವ್ಯಕ್ಕೂ ಪೆಟ್ಟು. ಅಷ್ಟರಲ್ಲಿ ವೆಸ್ಟ್ ಇಂಡೀಸಿನ ಕಾನ್‌ಸ್ಟಂಟೈನ್, ಮಾರ್ಟಿಂಡೇಲ್ ಎಂಬ ಕಪ್ಪು ಹುಡುಗರು 1933ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇಂಗ್ಲೆಂಡಿನವರಿಗೇ ಬಾಡಿಲೈನ್ ರುಚಿ ತೋರಿಸಿದ್ದರು. (ಜಾರ್ಡಿನ್ ಅದನ್ನು ಎದುರಿಸಿ 127 ಹೊಡೆದ. ಗಂಡೆದೆಯವನೇ, ಇಲ್ಲ ಅನ್ನೋದಿಲ್ಲ.) ತಮ್ಮ ಪಕ್ಕೆಗೆ ಬಿದ್ದಾಗ ದೊಡ್ಡವರಿಗೆ ಅದು ಅಸಭ್ಯ ಅನ್ನೋದು ಹೊಳೆಯಿತು. ಈಗ ಯಾರಾದರೂ ತಪ್ಪು ಕಾಣಿಕೆ ಕಟ್ಟಬೇಕು. ಯೋಚನೆ ಹೂಡಿದ ಜಾರ್ಡಿನ್ 1933ರಲ್ಲೂ ನಾಯಕ. 1933–34ರಲ್ಲಿ ಇಂಡಿಯಾಕ್ಕೆ ಬಂದ ತಂಡಕ್ಕೂ ಅವನೇ ನಾಯಕ. ಮುಚ್ಚಳಿಕೆಯ ಕಾಗದ ಬಂದದ್ದು ಲಾರ್‌ವುಡ್‌ನ ಮುಂದೆ. ಕೌಂಟಿಯ ಶ್ರೀಮಂತ ಪೋಷಕ ಸರ್ ಜೂಲಿಯನ್ ಕಾನ್ ಅವನನ್ನು ಕರೆಸಿ, ನಿನ್ನ ಬೌಲಿಂಗಿಗಾಗಿ ಎಂ.ಸಿ.ಸಿ.ಗೆ ಕ್ಷಮೆ ಕೇಳಿ ಸಹಿ ಹಾಕು, ಇಲ್ಲದಿದ್ದರೆ ಇಂಗ್ಲೆಂಡ್ ತಂಡದ ಆಸೆ ಬಿಡು ಅಂದ. ಲಾರ್‌ವುಡ್ ಅಂದದ್ದು ಒಂದೇ: ನಾಯಕ ಹೇಳಿದ್ದನ್ನು ಮಾಡಿದೆ, ಕ್ಷಮೆ ಕೇಳುವಂಥದ್ದೇನೂ ಮಾಡಿಲ್ಲ.

ಸಹಿ ಹಾಕಲಿಲ್ಲ.

ಇಲ್ಲಿ ಒಬ್ಬ ಗೆಳೆಯ ಎದ್ದು ನಿಂತು ಕೇಳಬಹುದು: ‘ಮೇಲಿನವರು ಹೇಳಿದರು, ನಾನು ಮಾಡಿದೆ’ ಅನ್ನೋದನ್ನ ನೀವು ಒಪ್ಪುತ್ತೀರಾ? ನಮ್ಮ ಮೆರವಣಿಗೆಯ ಮೇಲೆ ಲಾಠಿ ಬೀಸುವ ಪೇದೆಯೂ ಇದನ್ನೇ ಹೇಳುತ್ತಾನಲ್ಲ? ನ್ಯಾಯವಾದ ಪ್ರಶ್ನೆ. ನಾನು ಒಪ್ಪೋದಿಲ್ಲ. ಲಾಠಿ ಬೀಸಿದ ಕೈಗೂ ಪಾಪ ಅಂಟುತ್ತದೆ. ಎದೆಗೆ ಗುರಿಯಿಟ್ಟ ತೋಳಿಗೂ ಅಂಟುತ್ತದೆ. ಲಾರ್‌ವುಡ್ ಹರಿಶ್ಚಂದ್ರನೂ ಅಲ್ಲ, ಕ್ರಾಂತಿಕಾರಿಯೂ ಅಲ್ಲ. ತನ್ನ ವೇಗದ ಬಗ್ಗೆ ಅವನಿಗೆ ಹೆಮ್ಮೆಯಿತ್ತು, ಎದುರಿನವನ ಕಣ್ಣಲ್ಲಿ ಹೆದರಿಕೆ ಕಂಡರೆ ಖುಷಿಯಿತ್ತು. ಆದರೆ ವಿಚಾರಣೆ ಬಂದಾಗ ಆಗೋದೇನು? ಪೇದೆ ಅಮಾನತು, ಸಾಹೇಬನಿಗೆ ಬಡ್ತಿ. ಗೌಡ ಹೇಳಿದ, ಆಳು ಹೊಡೆದ, ಜೈಲಿಗೆ ಹೋದವನು ಆಳು. ಆ ಕಾಗದದಲ್ಲಿ ಜಾರ್ಡಿನ್‌ಗೂ ಸಹಿಗೆ ಜಾಗವಿದ್ದಿದ್ದರೆ, ಎಂ.ಸಿ.ಸಿ. ಕಮಿಟಿಯ ಲಾರ್ಡುಗಳಿಗೂ ಜಾಗವಿದ್ದಿದ್ದರೆ, ಆಗ ಲಾರ್‌ವುಡ್ ಸಹಿ ಹಾಕಬೇಕಿತ್ತೇ ಬೇಡವೇ ಅಂತ ನಾವು ಕೂತು ಚರ್ಚೆ ಮಾಡಬಹುದಿತ್ತು. ಇದ್ದದ್ದು ಆಳಿನ ಹೆಬ್ಬೆಟ್ಟಿಗೆ ಮಾತ್ರ ಜಾಗ.

ಅವನ ಕಾಲು ಹೋಗಿತ್ತು, ಅದಕ್ಕೇ ಕೈಬಿಟ್ಟರು ಅಂತ ಕೆಲವರು ಸಮಜಾಯಿಷಿ ಕೊಡುತ್ತಾರೆ. 1936ರಲ್ಲಿ ಅವನು ಕೌಂಟಿಗೆ ಪಡೆದದ್ದು 119 ವಿಕೆಟ್, ತಲಾ 12.97 ರನ್ನಿಗೆ. ಮತ್ತೆ ಇಡೀ ದೇಶಕ್ಕೇ ಮೊದಲಿಗ. ಆ ಚಳಿಗಾಲ ಆಸ್ಟ್ರೇಲಿಯಕ್ಕೆ ಹೊರಟ ತಂಡದಲ್ಲಿ ವೋಸ್ ಇದ್ದ, ಲಾರ್‌ವುಡ್ ಇರಲಿಲ್ಲ. ನಾಯಕ ಯಾರು? ಗಬ್ಬಿ ಆಲನ್. ಅದೇ ಚಳಿಗಾಲ ಲಾರ್‌ವುಡ್ ಹೊಟ್ಟೆಪಾಡಿಗೆ ಇಂಡಿಯಾಕ್ಕೆ ಬಂದ, ಪಟಿಯಾಲದ ಮಹಾರಾಜನಲ್ಲಿ ಕೋಚ್ ಕೆಲಸಕ್ಕೆ. ಹೌದು, ಬಾಲೂ ಅವರ ಆ ಹಳೆಯ ನಾಯಕ ಭೂಪಿಂದರ್ ಸಿಂಗನೇ. ಒಗ್ಗದೆ ಅವಧಿಗೆ ಮುಂಚೆ ವಾಪಸ್ ಹೋದ.

ಆ ದಿನಗಳಲ್ಲಿ ಆಸ್ಟ್ರೇಲಿಯದಂಥ ಡೊಮಿನಿಯನ್‌ಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಮಂತ್ರಿ ಜೆ. ಎಚ್. ಥಾಮಸ್. ರೈಲ್ವೆಯಲ್ಲಿ ಎಂಜಿನ್ ಒರೆಸುವ ಹುಡುಗನಾಗಿ ಶುರುಮಾಡಿ ಕಾರ್ಮಿಕ ಸಂಘದ ನಾಯಕನಾದವನು. 1926ರ ಆ ಮುಷ್ಕರವನ್ನು ಹಿಂತೆಗೆದುಕೊಂಡವರಲ್ಲಿ ಒಬ್ಬ. ಈ ಬಾಡಿಲೈನ್ ನನಗೆ ಕೊಟ್ಟಷ್ಟು ತಲೆನೋವು ಬೇರಾವುದೂ ಕೊಟ್ಟಿಲ್ಲ ಅಂತ ಅವನು ಗೊಣಗಿದ. ಮೇಲಿನ ಪಂಕ್ತಿಗೆ ಕೂತ ನಮ್ಮವರ ನೆನಪು ಯಾರಿಗಾದರೂ ಆದರೆ ಅದು ಅವರವರ ಊರಿನ ಅನುಭವ.

ನನ್ನನ್ನು ಕಸಿವಿಸಿಗೊಳಿಸುವುದು ಇನ್ನೊಂದು. ಜಾರ್ಡಿನ್ ಕೃತಜ್ಞತೆ ಬರೆಸಿ ಕೊಟ್ಟ ಬೆಳ್ಳಿಯ ಆಷ್‌ಟ್ರೇಯನ್ನು ಲಾರ್‌ವುಡ್ ಕೊನೆಯವರೆಗೂ ಜೋಪಾನ ಮಾಡಿದ. ಅವನ ವಿರುದ್ಧ ಒಂದು ಕೆಟ್ಟ ಮಾತಾಡಲಿಲ್ಲ. ಧಣಿಯ ಮೇಲಿನ ನಿಷ್ಠೆಯೋ, ಒಟ್ಟಿಗೆ ಕಾದಿದವರ ಸ್ನೇಹವೋ? ಧಣಿಗಳ ಗುಂಪಿನಲ್ಲಿ ತನ್ನನ್ನು ಬಿಟ್ಟುಕೊಡದೆ ಉಳಿದವನು ಅವನೊಬ್ಬನೇ ಅನ್ನಿಸಿತ್ತೋ ಏನೋ. ಈ ಗಂಟನ್ನು ಬಿಚ್ಚುವ ಸಿದ್ಧಾಂತ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ.

1938ಕ್ಕೆ ಕೌಂಟಿಯ ಕೆಲಸವೂ ಮುಗಿಯಿತು. ಒಟ್ಟು 1427 ವಿಕೆಟ್. ಯುದ್ಧ ಮುಗಿದ ಮೇಲೆ ಬ್ಲ್ಯಾಕ್‌ಪೂಲ್ ಊರಿನಲ್ಲಿ ಮಿಠಾಯಿ ಅಂಗಡಿ ಇಟ್ಟ. 1949ರಲ್ಲಿ ಎಂ.ಸಿ.ಸಿ. 26 ಮಂದಿ ಹಳೆಯ ಪ್ರೊಫೆಷನಲ್ಲರಿಗೆ ಗೌರವ ಸದಸ್ಯತ್ವ ಕೊಟ್ಟಿತು. ಅದರಲ್ಲಿ ಇವನೂ ಒಬ್ಬ. 1950ರ ಏಪ್ರಿಲ್‌ನಲ್ಲಿ ಹೆಂಡತಿ, ಐವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿದ. 1932ರಲ್ಲಿ ತಂಡವನ್ನು ಕೊಂಡೊಯ್ದಿದ್ದ ಅದೇ ಒರಾಂಟಿಸ್ ಹಡಗು. ಹೋದದ್ದು ಆಸ್ಟ್ರೇಲಿಯಕ್ಕೆ! ಕರೆಸಿಕೊಂಡವನು ಜಾಕ್ ಫಿಂಗಲ್‌ಟನ್, ಅಂದು ಇವನ ಚೆಂಡಿನ ಏಟು ತಿಂದವನು. ಸಿಡ್ನಿಯಲ್ಲಿ ಮೊದಲ ದಿನಗಳ ಹೋಟೆಲ್ ಖರ್ಚಿನ ಅರ್ಧವನ್ನು ಯಾರಿಗೂ ಹೇಳದೆ ಕೊಟ್ಟವನು ಮಾಜಿ ಪ್ರಧಾನಿ ಬೆನ್ ಚಿಫ್ಲಿ. ಅವನೂ ಒಂದು ಕಾಲಕ್ಕೆ ರೈಲು ಎಂಜಿನ್ ಓಡಿಸಿದವನೇ. ತಂಪು ಪಾನೀಯದ ಕಂಪನಿಯೊಂದರಲ್ಲಿ ಲಾರ್‌ವುಡ್‌ಗೆ ಕೆಲಸ ಸಿಕ್ಕಿತು.

ಗಬ್ಬಿ ಆಲನ್ 1963ರಲ್ಲಿ ಎಂ.ಸಿ.ಸಿ.ಯ ಅಧ್ಯಕ್ಷನಾದ. 1986ರಲ್ಲಿ ಸರ್ ಆದ. ಲಾರ್ಡ್ಸ್ ಮೈದಾನದ ಒಂದು ಸ್ಟ್ಯಾಂಡಿಗೆ ಅವನ ಹೆಸರಿಟ್ಟರು. ಲಾರ್‌ವುಡ್‌ಗೆ ಇಂಗ್ಲೆಂಡಿನ ಸರ್ಕಾರ ಎಂ.ಬಿ.ಇ. ಎಂಬ ಪದಕ ಕೊಟ್ಟದ್ದು 1993ರಲ್ಲಿ. ಆಗ ಅವನಿಗೆ 88 ವರ್ಷ. ಎರಡು ವರ್ಷದ ಮೇಲೆ, 1995ರ ಜುಲೈಯಲ್ಲಿ, ಸಿಡ್ನಿಯಲ್ಲಿ ತೀರಿಕೊಂಡ.